ಬೀಗಿತ್ತಿಯ ಬೆನ್, ಅತ್ತೆಯ ವರಸೆ

ಹೆಸರು ಒಳ್ಳೆಯದೇ, ತೊಂದರೆ ಇರುವುದು ಅದರ ಬಾಲದಲ್ಲಿ. ಶ್ರೀರಂಗಪಟ್ಟಣದಲ್ಲಿ ನಾವು ಬಾಡಿಗೆಗಿದ್ದ ಮನೆಯ ಯಜಮಾನಿ ಸೀತಾಬಾಯಿ. ಎದುರು ಗ್ಯಾರೇಜಿನಾತ ರಹಮತ್‌ಭಾಯಿ. ಒಬ್ಬರಿಗೆ ಹಣೆ ತುಂಬ ಕುಂಕುಮ, ಇನ್ನೊಬ್ಬರಿಗೆ ಎದೆವರೆಗೆ ಗಡ್ಡ. ನಡುವೆ ಇರುವುದು ಒಂದೇ ಒಂದು ಮಹಾಪ್ರಾಣ. ನಮ್ಮ ಕಡೆಯವರು ಮಹಾಪ್ರಾಣಕ್ಕೆ ಅಂಥ ಬೆಲೆ ಕೊಡುವವರಲ್ಲ. ಹೀಗೆ ಒಂದೇ ಬಾಲ ಒಂದೊಂದು ಭಾಷೆಯಲ್ಲಿ ಒಂದೊಂದು ಥರ ಅಲ್ಲಾಡುತ್ತದೆ ಎಂದು ನಾನು ಓದಿ ತಿಳಿದುಕೊಂಡಿದ್ದೆ. ತಿಳಿದುಕೊಂಡು ಸುಮ್ಮನಿದ್ದಿದ್ದರೆ ಮಗನ ಮದುವೆ ಡೋಲಾಯಮಾನ ಆಗುತ್ತಿರಲಿಲ್ಲ.

ಮಗ ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ. ಅಲ್ಲೇ ಪಾಠ ಹೇಳುವ ಗುಜರಾತಿ ಹುಡುಗಿಯನ್ನು ಮೆಚ್ಚಿಕೊಂಡ. ನಾನೂ ನನ್ನ ಹೆಂಡತಿ ಜಯಮ್ಮನೂ ಒಪ್ಪಿದೆವು. ಇನ್ನು ಒಪ್ಪಬೇಕಾದವರು ಬೂಕನಕೆರೆಯ ನನ್ನ ಸೋದರತ್ತೆ. ಅವರು ವರಸೆ ನೋಡಿ ಹೂಂ ಅನ್ನದೆ ನಮ್ಮ ವಂಶದಲ್ಲಿ ಯಾರೂ ತಾಂಬೂಲ ಬದಲಾಯಿಸಿದ್ದಿಲ್ಲ. ಸೋದರಮಾವನ ಮಗಳಾದರೆ ಸೈ, ಚಿಕ್ಕಮ್ಮನ ಮಗಳಾದರೆ ತಂಗಿ. ಈ ಲೆಕ್ಕದಲ್ಲಿ ಅವರು ತಪ್ಪಿದವರಲ್ಲ. ನೆಂಟಸ್ತಿಕೆಯೇ ಇಲ್ಲದ ಕಡೆಯಿಂದ ಹೆಣ್ಣು ತಂದರೆ ವರಸೆಯ ಗೊಡವೆ ಎಲ್ಲಿಯದು ಎಂದು ನಾನು ನಿಶ್ಚಿಂತೆಯಿಂದಿದ್ದೆ.

ಬೀಗರು ಮಗಳನ್ನು ಕರೆದುಕೊಂಡು ಬಾಬುರಾಯನಕೊಪ್ಪಲಿನ ನಮ್ಮ ಮನೆಗೆ ಬಂದರು. ಅತ್ತೆ ಬೆಳಗ್ಗೆಯೇ ಬೂಕನಕೆರೆಯಿಂದ ಬಂದು ಕೂತಿದ್ದರು. ಬೀಗಿತ್ತಿ ಬಲು ಸರಳ ಹೆಂಗಸು. ಬಂದವರೇ ನನ್ನ ಹೆಂಡತಿಯ ಕೈ ಹಿಡಿದು ಅರೆಬರೆ ಕನ್ನಡದಲ್ಲಿ ಜಯಾಬೆನ್ ಹಾಗೆ, ಜಯಾಬೆನ್ ಹೀಗೆ ಎಂದು ಮಾತಿಗಿಳಿದರು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಬೆನ್ ಅಂದರೇನೆಂದು ವಿಚಾರಿಸಿದರು. ಕೇಳಿದ್ದೇ ತಡ, ಗುಜರಾತಿನಲ್ಲಿ ಹೆಂಗಸರ ಹೆಸರಿನ ತುದಿಗೆ ಅದನ್ನು ಸೇರಿಸುತ್ತಾರೆ, ಅಕ್ಕ ತಂಗಿ ಎಂದರ್ಥ ಎಂದು ನಾನು ಪಾಂಡಿತ್ಯ ಬಿಚ್ಚಿದೆ.

ಅತ್ತೆ ಎಲೆಯನ್ನು ತಟ್ಟೆಗಿಟ್ಟರು. "ಅಕ್ಕತಂಗೀರ್ ಮಕ್ಳು ಅಣ್ಣತಂಗಿ ಆಯ್ತಾರೆ ಕಣ್ಲಾ. ವರಸೆ ಆಗಾಕಿಲ್ಲ."

ಮಗನ ಮುಖ ಬಿಳಿಚಿಕೊಂಡಿತು. ನಾನು ತಿಪ್ಪೆ ಸಾರಿಸಲು ಹೋದೆ. ಬೀಗಿತ್ತಿ ನನ್ನನ್ನು ಭಾಯಿ ಅನ್ನುತ್ತಾರೆ, ಅಂದರೆ ನಾನು ಅವರಿಗೆ ಅಣ್ಣ, ಅವರ ಮಗಳು ನನಗೆ ಸೋದರಸೊಸೆ, ವರಸೆ ಕೂಡಿತಲ್ಲ ಎಂದೆ. ಹಾಗಾದರೆ ನೀನೂ ಜಯಮ್ಮನೂ ಒಡಹುಟ್ಟಿದವರೋ ಎಂದು ಅತ್ತೆ ಕೇಳಿದರು. ಅಷ್ಟರಲ್ಲಿ ಬೀಗರೂ ಕಾಫಿ ಲೋಟ ಹಿಡಿದು ನನ್ನನ್ನು ಭಾಯಿ ಎಂದರು. ಈಗ ನಾನು ಗಂಡ ಹೆಂಡತಿ ಇಬ್ಬರಿಗೂ ಅಣ್ಣ. ಯಾರಿಗೆ ಯಾರು ಏನಾಗಬೇಕೆಂದು ಬೆರಳು ಮಡಿಸುತ್ತಾ ಹೋದರೆ ಕೊನೆಗೆ ನನಗೆ ನಾನೇ ಭಾವಮೈದುನನಾಗಿದ್ದೆ. ಗಾಬರಿಯಲ್ಲಿ, ಜಪಾನಿನವರು ಹೆಣ್ಣಿನ ಹೆಸರಿಗೆ 'ಕೋ' ಸೇರಿಸಿದರೆ ಮಗು ಎಂದರ್ಥ, ನಾವು 'ಕುಂತ್ಕೋ' ಅಂದರೆ ಅಲ್ಲಿ ಮಗು ಎಲ್ಲಿದೆ ಎಂದು ಏನೇನೋ ಬಡಬಡಿಸಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು. ಹುಡುಗಿ ತಲೆ ತಗ್ಗಿಸಿದಳು. ನನಗೆ ನಿಜಕ್ಕೂ ಭಯವಾಯಿತು.

ಜಯಮ್ಮ ಬೀಗಿತ್ತಿಯ ಕೈ ಬಿಡದೆಯೇ ಹೇಳಿದಳು: "ಮೂವತ್ ವರ್ಸದಿಂದ ಇವ್ರು ನನ್ನ ಜಯಮ್ಮ, ಜಯಮ್ಮ ಅಂತಾವ್ರೆ ಕಣತ್ತೆ. ಅಂಗಂತ ನಾನು ಇವ್ರವ್ವ ಆಗ್ಬುಟ್ನಾ?"

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮತ್ತೆ ಕುಳಿತು ಎಲೆ ಕೈಗೆತ್ತಿಕೊಂಡರು.

"ಆಗಿದ್ರೆ ಎರ್ಡ್ ಏಟ್ ಆಕಿ ಬಾಯ್ ಮುಚ್ಕಂಡಿರೋದ್ನಾದ್ರೂ ಕಲ್ಸಿರೋಳು ಬುಡು. ತಾಂಬೂಲ ತತ್ತಾ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಬೀಗಿತ್ತಿ, ಹಿರಿಯರು ಏನಂದರು ಭಾಯಿ ಎಂದು ನನ್ನ ಕಡೆ ಬಗ್ಗಿದರು. ನನಗೆ ಆ ಭಾಷೆ ಅಷ್ಟಾಗಿ ಬಾರದು ಎಂದೆ.