ಇಪ್ಪತ್ತನಾಲ್ಕನೇ ಕಲಂ

"ನನ್ನ ಮುಖ ನೋಡಿ ಮನಸ್ಸಲ್ಲಿರೋದನ್ನ ಕಂಡುಹಿಡಿಯೋ ಗಂಡಸು ಇನ್ನೂ ಹುಟ್ಟಿಲ್ಲ!" ಎಂದು ಲಿಫ್ಟ್ ಇನ್ಸ್‌ಪೆಕ್ಟರರು ಕಾಲರ್ ಸರಿಮಾಡಿಕೊಂಡು ಘೋಷಿಸಿದರು.

"ಹೆಂಗಸು ಹುಟ್ಟಿದ್ದಾಳೆ. ಹನ್ನೊಂದು ವರ್ಷದಿಂದ ನಿಮ್ಮ ಜೊತೇಲೇ ಇದ್ದಾಳೆ" ಎಂದಳು ಹೆಂಡತಿ.

ಈ ಐತಿಹಾಸಿಕ ಘೋಷಣೆ ನಡೆದದ್ದು ಭಾನುವಾರ ಬೆಳಿಗ್ಗೆ, ಒಂದು ಹಸಿರು ಗೇಟಿನ ಮುಂದೆ. ಜೊತೆಯಲ್ಲಿದ್ದ ಮನೆ ಏಜೆಂಟಮ್ಮ ಮಾತ್ರ ನಗಲಿಲ್ಲ. ಆಕೆ ಇನ್ಸ್‌ಪೆಕ್ಟರರ ಮನೆ ಹುಡುಕಾಟದ ಚರಿತ್ರೆಯನ್ನು ಪೂರ್ತಿ ಕೇಳಿ ತಿಳಿದಿದ್ದಳು.

ಚರಿತ್ರೆ ದೊಡ್ಡದೇನಲ್ಲ. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಗಂಡಹೆಂಡಿರು ಆರು ಬಾಡಿಗೆ ಮನೆ ಬದಲಾಯಿಸಿದ್ದರು. ಮದುವೆಯಲ್ಲಿ ಅಕ್ಕ ಕೊಟ್ಟ ಗಾಜಿನ ಬಟ್ಟಲುಗಳ ಪೆಟ್ಟಿಗೆ ಆರು ಮನೆಗಳನ್ನೂ ಸುತ್ತಿ ಬಂದಿತ್ತು, ಒಮ್ಮೆಯೂ ಬಾಯಿ ತೆರೆದಿರಲಿಲ್ಲ. ಅದರ ಮೇಲೆ ಹೆಂಡತಿಯೇ ದಪ್ಪ ಅಕ್ಷರದಲ್ಲಿ "ಸ್ವಂತ ಮನೆಗೆ" ಎಂದು ಬರೆದಿದ್ದಳು. ಈಗಿನ ಮನೆಯ ಮಾಲೀಕರು ಖಾಲಿ ಮಾಡಲು ಗಡುವು ಕೊಟ್ಟಿದ್ದರು. ಇನ್ನು ಉಳಿದದ್ದು ಐದು ವಾರ.

"ಏಜೆಂಟ್ ಯಾಕೆ? ನಾನಿಲ್ವಾ?" ಎಂದು ಎದೆ ತಟ್ಟಿಕೊಂಡು ಇನ್ಸ್‌ಪೆಕ್ಟರರು ನಾಲ್ಕು ತಿಂಗಳು ತಾವೇ ಮನೆ ಹುಡುಕಿದ್ದರು. ಒಂದು ಮನೆ ಸಿಕ್ಕಿಯೂ ಇತ್ತು. ಹಾಲ್‌ಗೆ ಕಾಲಿಟ್ಟವರೇ "ಅಬ್ಬಾ! ಇದೇ ಕಣೇ ನಮ್ಮನೆ!" ಎಂದು ಚಪ್ಪಾಳೆ ತಟ್ಟಿಬಿಟ್ಟರು. ಮಾಲೀಕ ಅದನ್ನು ಕೇಳಿ ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಬೆಲೆ ಎರಡು ಮೆಟ್ಟಿಲು ಹತ್ತಿತ್ತು. ಆ ಚಪ್ಪಾಳೆಯ ಮಾರನೇ ದಿನವೇ ಹೆಂಡತಿ ಏಜೆಂಟಮ್ಮನಿಗೆ ಫೋನ್ ಮಾಡಿದ್ದು.

"ಸಾರ್, ಇನ್ನೊಂದ್ಸಲ ಹೇಳ್ತೀನಿ" ಎಂದಳು ಏಜೆಂಟಮ್ಮ, ಗೇಟಿಗೆ ಕೈ ಹಾಕುತ್ತಾ. "ಮನೆ ಇಷ್ಟ ಆದ್ರೆ ಮುಖದಲ್ಲಿ ಕಾಣಿಸ್ಬಾರ್ದು. ಸುಮ್ನೆ ಒಂದೆರಡು ಕೊರತೆ ಹೇಳಿ. ಎಷ್ಟು?"

"ಒಂದೆರಡು."

"ಅಷ್ಟೇ. ಮಿಕ್ಕಿದ್ದು ನನಗೆ ಬಿಡಿ."

ಪಾಪ, ಆಕೆಗೆ ಗೊತ್ತಿರದ ಸಂಗತಿ ಒಂದಿತ್ತು. ಲಿಫ್ಟುಗಳಲ್ಲಿ ಕೊರತೆ ಹುಡುಕುವುದೇ ಇನ್ಸ್‌ಪೆಕ್ಟರರ ಹೊಟ್ಟೆಪಾಡು. ಅವರ ಕಚೇರಿಯ ದೋಷಪಟ್ಟಿಯಲ್ಲಿ ಇಪ್ಪತ್ತನಾಲ್ಕು ಕಲಂ. ಕೊನೆಯದು "ಇತರೆ ದೋಷ". ಹದಿನೆಂಟು ವರ್ಷದ ಸರ್ವೀಸಿನಲ್ಲಿ ಅವರು ಒಂದು ಕಲಮನ್ನೂ ಖಾಲಿ ಬಿಟ್ಟವರಲ್ಲ. ಏನೂ ಸಿಗದಿದ್ದರೆ ಲಿಫ್ಟಿನ ಕನ್ನಡಿಯಲ್ಲಿ ತಮ್ಮ ಮುಖ ಸರಿಯಾಗಿ ಕಾಣುವುದಿಲ್ಲ ಎಂದಾದರೂ ಬರೆಯುತ್ತಿದ್ದರು. ಆ ಪಟ್ಟಿಯ ಪುಸ್ತಕ, ಪೆನ್ನು, ರಬ್ಬರ್ ಸ್ಟಾಂಪು ಭಾನುವಾರವೂ ಅವರ ಹೆಗಲಿನ ಚೀಲದಲ್ಲೇ ಇರುತ್ತಿದ್ದವು.

ಬಾಗಿಲು ತೆರೆದವರು ಮನೆಯೊಡತಿ. ನಲವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಮೊಣಕಾಲು ಮೆಟ್ಟಿಲು ಬೇಡವೆನ್ನುತ್ತಿದ್ದುದರಿಂದ ತಂಗಿಯ ಮನೆಗೆ ಹೋಗಿ ಇರುವ ಯೋಚನೆ ಅವರದು.

ಮನೆ ಚಿಕ್ಕದು. ಆದರೆ ಅಡುಗೆಮನೆಗೆ ಅಗಲವಾದ ಒಂದು ಕಿಟಕಿ, ಕಿಟಕಿಯ ಪಕ್ಕದಲ್ಲಿ ಗಾಜಿನ ಬಾಗಿಲಿನ ಕಪಾಟು! ಹೆಂಡತಿ ಅದರ ಮುಂದೆ ನಿಂತವಳು ನಿಂತೇ ಇದ್ದಳು. ಆಮೇಲೆ ಗಂಡನ ಪಕ್ಕಕ್ಕೆ ಬಂದು ಮೊಣಕೈಯಿಂದ ಮೆಲ್ಲಗೆ ತಿವಿದಳು. ಇದೇ ಮನೆ ಎಂಬ ಸಂಕೇತ. ಇನ್ಸ್‌ಪೆಕ್ಟರರ ಅಂಗೈಗಳು ಚಪ್ಪಾಳೆಗೆ ತುಡಿದವು. ಅವುಗಳಿಗೆ ಕೆಲಸ ಕೊಡಬೇಕೆಂದು ಗಾಬರಿಯಿಂದ ಚೀಲಕ್ಕೆ ಕೈ ಹಾಕಿ ಪುಸ್ತಕ ಹೊರಗೆಳೆದರು.

"ಬಚ್ಚಲ ನಲ್ಲಿ ತೊಟ್ಟಿಕ್ಕುತ್ತೆ" ಎಂದರು. ಬರೆದುಕೊಂಡರು.

"ಹೌದಪ್ಪಾ" ಎಂದರು ನರ್ಸಮ್ಮ.

"ಹಿತ್ತಲ ಬಾಗಿಲು ಕಿರ್ ಅನ್ನುತ್ತೆ."

"ಅನ್ನುತ್ತೆ."

ಏಜೆಂಟಮ್ಮ ಸಾಕೆನ್ನುವಂತೆ ಕೆಮ್ಮಿದಳು. ಆದರೆ ಕಲಂ ಒಂದು, ಕಲಂ ಎರಡು ತುಂಬಿದ ಮೇಲೆ ಮೂರನೆಯದನ್ನು ಖಾಲಿ ಬಿಡುವುದುಂಟೇ? ಇನ್ಸ್‌ಪೆಕ್ಟರರು ಗೋಡೆ ತಟ್ಟಿದರು, ನೆಲಕ್ಕೆ ಕಿವಿಯಿಟ್ಟರು, ಸ್ವಿಚ್ಚುಗಳನ್ನು ಮೂಸಿದರು. ಗೋಡೆಯಲ್ಲಿ ತೇವ. ಮೂರನೇ ಮೆಟ್ಟಿಲಲ್ಲಿ ಬಿರುಕು. ಪೈಪಿನಲ್ಲಿ ತುಕ್ಕು. ಏಜೆಂಟಮ್ಮನ ಕೆಮ್ಮು ಜೋರಾದಂತೆಲ್ಲ "ಧೂಳು ಬೇರೆ, ನೋಡಿ, ಕೆಮ್ಮು ಬರ್ತಿದೆ" ಎಂದು ಅದನ್ನೂ ಬರೆದರು! ಇಪ್ಪತ್ತೆರಡನೆಯದಾಗಿ ಕಿಟಕಿಯಿಂದ ಬೆಳಕು ಅತಿಯಾಯಿತು. ಇಪ್ಪತ್ತಮೂರನೆಯದಾಗಿ ಮನೆ ತೀರಾ ನಿಶ್ಶಬ್ದ. ಇಪ್ಪತ್ತನಾಲ್ಕಕ್ಕೆ ಮಾತ್ರ ಎಷ್ಟು ತಲೆ ಕೆರೆದರೂ ಏನೂ ಹೊಳೆಯಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಕಲಂ ಖಾಲಿ ಉಳಿಯಿತು.

ಕೊನೆಗೆ ಪಟ್ಟಿಯ ಕೆಳಗೆ ಸಹಿ ಹಾಕಿ, ಕೈ ತನ್ನ ಅಭ್ಯಾಸದಂತೆ ತಾನೇ ಸ್ಟಾಂಪು ತೆಗೆದು ಠಪ್ಪೆಂದು ಒತ್ತಿಯೇಬಿಟ್ಟಿತು.

"ಕೊಡಪ್ಪಾ ಇಲ್ಲಿ" ಎಂದು ನರ್ಸಮ್ಮ ಕನ್ನಡಕ ಏರಿಸಿ, ಹಾಳೆಯನ್ನು ಪುಸ್ತಕದಿಂದ ಹರಿದುಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು. ಸ್ಟಾಂಪಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. "ದೋಷ ಸರಿಪಡಿಸುವವರೆಗೆ ಬಳಸತಕ್ಕದ್ದಲ್ಲ."

ಮನೆಯಲ್ಲಿ ಇಪ್ಪತ್ತಮೂರನೇ ದೋಷ, ಅಂದರೆ ನಿಶ್ಶಬ್ದ, ಆವರಿಸಿತು.

"ಅಮ್ಮಾ, ಅದು ಲಿಫ್ಟಿಗೆ..." ಎಂದರು ಇನ್ಸ್‌ಪೆಕ್ಟರರು.

"ಯಾವುದಕ್ಕಾದ್ರೂ ಆಗ್ಲಿ. ಚಾರ್ಟಲ್ಲಿ ಕೊಡಬಾರದು ಅಂತ ಬರೆದಿದ್ರೆ ನಾನು ಯಾವತ್ತೂ ಔಷಧಿ ಕೊಟ್ಟವಳಲ್ಲ. ಬಳಸಬಾರದು ಅಂತ ಸೀಲ್ ಬಿದ್ದಿರೋ ಮನೇನ ಸಂಸಾರಸ್ಥರಿಗೆ ಹೆಂಗಪ್ಪಾ ಮಾರ್ಲಿ? ಮಾರಲ್ಲ. ಹೋಗಿಬನ್ನಿ."

ಹಸಿರು ಗೇಟು ಮುಚ್ಚಿಕೊಂಡಿತು.

"ಒಂದೆರಡು ಅಂದಿದ್ದೆ ಸಾರ್" ಎಂದಳು ಏಜೆಂಟಮ್ಮ, ಅಳು ಬರುವ ದನಿಯಲ್ಲಿ. "ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಬೆಲೆ ಇಳಿಸಿದವರನ್ನ ನೋಡಿದ್ದೀನಿ, ಮಾಲೀಕರಿಗೇ ತಮ್ಮ ಮನೆ ಮೇಲೆ ಜಿಗುಪ್ಸೆ ಬರಿಸಿದವರನ್ನ ನೋಡಿರ್ಲಿಲ್ಲ!"

ಹೆಂಡತಿ ಬೈಯಲಿಲ್ಲ. ಅದೇ ಭಯವಾಗಿದ್ದು. ಬೈದಿದ್ದರೆ ಇನ್ಸ್‌ಪೆಕ್ಟರರು ಉತ್ತರ ಕೊಟ್ಟು, ಜಗಳ ಮುಗಿಸಿ, ಊಟ ಮಾಡುತ್ತಿದ್ದರು. ಅವಳು ಮನೆಗೆ ಬಂದು ಗಾಜಿನ ಬಟ್ಟಲಿನ ಪೆಟ್ಟಿಗೆಗೆ ಸಡಿಲವಾಗಿದ್ದ ಟೇಪನ್ನು ಕಿತ್ತು ಹೊಸ ಟೇಪು ಸುತ್ತಿದಳು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಆ ಟೇಪಿನ ಪರಪರ ಸದ್ದು ಕೇಳಿ ಇನ್ಸ್‌ಪೆಕ್ಟರರು ಅವಳ ಪಕ್ಕಕ್ಕೆ ಬಂದು ನಿಂತರು.

"ಏನಾದ್ರೂ ಹೇಳೇ."

"ಏನ್ ಹೇಳ್ಲಿ? ಏಳನೇ ಬಾಡಿಗೆ ಮನೆಗೆ ಹೋಗುವಾಗ ಒಡೀಬಾರ್ದಲ್ಲ."

ಮೂರು ದಿನ ಇನ್ಸ್‌ಪೆಕ್ಟರರಿಗೆ ಯಾವ ಲಿಫ್ಟಿನಲ್ಲೂ ದೋಷ ಕಾಣಿಸಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಕಚೇರಿಗೆ ಹೋಗುವ ದಾರಿ ತಪ್ಪಿಸಿ, ಯಾರಿಗೂ ಹೇಳದೆ, ಹಸಿರು ಗೇಟಿನ ಮುಂದೆ ನಿಂತರು. ನೋಡಿದರೆ ಅಂಗಳದಲ್ಲಿ ಮರಳಿನ ರಾಶಿ, ಏಣಿ, ಪೈಪು! ಯಾರೋ ಕೊಂಡು ರಿಪೇರಿಯನ್ನೂ ಶುರುಮಾಡಿದ್ದಾರೆ ಎಂದುಕೊಂಡ ಇನ್ಸ್‌ಪೆಕ್ಟರರು ಗೇಟಿನ ಕಂಬಿ ಹಿಡಿದು ಒಳಗೆ ಇಣುಕಿದರು.

"ಇನ್ನೇನಾದ್ರೂ ಬಿಟ್ಟೋಗಿತ್ತೇನಪ್ಪಾ?" ನರ್ಸಮ್ಮ ಬಾಗಿಲಲ್ಲಿ ನಿಂತಿದ್ದರು.

"ಅಮ್ಮಾ, ನಿಮ್ಮ ಮನೆ ಬಂಗಾರ!" ಎಂದು ಒಂದೇ ಉಸಿರಿನಲ್ಲಿ ಶುರುಮಾಡಿದರು. "ಗೋಡೆ ತೇವ ಅಂದಿದ್ನಲ್ಲ, ಅದು ತೇವ ಅಲ್ಲ, ತಂಪು! ನಲ್ಲಿ ತೊಟ್ಟಿಕ್ಕಿದ್ರೆ ಒಂಟಿಯಾಗಿದ್ದೀವಿ ಅನ್ಸಲ್ಲ! ಬಾಗಿಲು ಕಿರ್ ಅಂದ್ರೆ ಕಳ್ಳ ಬಂದದ್ದು ಗೊತ್ತಾಗುತ್ತೆ!"

"ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ?"

ಇನ್ಸ್‌ಪೆಕ್ಟರರು ಅಂಗಳದ ಇಟ್ಟಿಗೆಗಳ ಮೇಲೆ ಕುಸಿದು ಕುಳಿತು ಎಲ್ಲವನ್ನೂ ಕಕ್ಕಿದರು. ಚಪ್ಪಾಳೆ, ಏಜೆಂಟಮ್ಮನ ಉಪದೇಶ, ಪೆಟ್ಟಿಗೆ, ಮೂರು ಸುತ್ತಿನ ಟೇಪು.

"ಬೇರೆಯವರಿಗೆ ಕೊಟ್ಬಿಟ್ರಾ ಅಮ್ಮಾ?"

"ನಿನ್ನ ಸೀಲ್ ಹೊತ್ತ ಮನೇನ ಯಾರಪ್ಪಾ ತಗೋತಾರೆ? ಮೇಸ್ತ್ರೀನ ಕರೆಸಿ ನಿನ್ನ ಪಟ್ಟಿ ತೋರಿಸ್ದೆ. ಇಪ್ಪತ್ತಮೂರರಲ್ಲಿ ಇಪ್ಪತ್ತೊಂದು ನಿಜ ಅಂದ. ಉಳಿದ ಎರಡಕ್ಕೆ ಹೊಟ್ಟೆ ಹಿಡ್ಕೊಂಡು ನಕ್ಕ. ಕೆಲಸ ಮುಗೀಲಿ, ಆಮೇಲೆ ನೋಡೋಣ. ಈಗ ಎದ್ದೇಳು, ಸಿಮೆಂಟು ಹತ್ತುತ್ತೆ."

ನೋಡೋಣ! ಕೊಡುತ್ತಾರೋ, ಇಲ್ಲವೋ? ಇಷ್ಟು ಚೆನ್ನಾದ ಮೇಲೆ ಮಾರುವ ಮನಸ್ಸೇ ಹೋದರೆ? ಬೆಲೆ ಏರಿಸಿದರೆ? ಮುಂದಿನ ಎರಡು ವಾರ ಇನ್ಸ್‌ಪೆಕ್ಟರರು ಫೋನನ್ನು ಅಂಗೈಯಲ್ಲೇ ಹಿಡಿದು ಓಡಾಡಿದರು. ಹೆಂಡತಿಗೆ ವಿಷಯ ಹೇಳಲು ಧೈರ್ಯವಿರಲಿಲ್ಲ. ಆಸೆ ಹುಟ್ಟಿಸಿ ಮತ್ತೆ ಮುರಿದರೆ ನಾಲ್ಕನೇ ಸುತ್ತು ಟೇಪು ನೋಡುವ ಶಕ್ತಿ ಅವರಿಗಿರಲಿಲ್ಲ. ಗಡುವಿಗೆ ಎರಡೂವರೆ ವಾರ ಉಳಿದಾಗ ಏಜೆಂಟಮ್ಮನ ಫೋನ್ ಬಂತು. ಇವರಿಗಲ್ಲ, ಹೆಂಡತಿಗೆ.

"ಮೇಡಂ, ಭಾನುವಾರ ಬರಬೇಕಂತೆ. ಸಾರ್‌ನೂ ಕರ್ಕೊಂಡ್ ಬನ್ನಿ. ಆದ್ರೆ ಅವರ ಚೀಲ ಬೇಡ!"

ಭಾನುವಾರ ಇನ್ಸ್‌ಪೆಕ್ಟರರು ಬರಿಗೈಯಲ್ಲಿ, ತುಟಿ ಬಿಗಿಹಿಡಿದು, ಹೆಂಡತಿಯ ಹಿಂದೆ ನಿಂತರು. ಬಾಗಿಲು ಕಿರ್ ಎನ್ನಲಿಲ್ಲ. ನಲ್ಲಿ ತೊಟ್ಟಿಕ್ಕಲಿಲ್ಲ. ಮೇಜಿನ ಮೇಲೆ ಅವರದೇ ಹಾಳೆ. ಇಪ್ಪತ್ತೊಂದು ಸಾಲಿನ ಎದುರು ನರ್ಸಮ್ಮ ಅಚ್ಚುಕಟ್ಟಾಗಿ ಟಿಕ್ ಹಾಕಿ ದಿನಾಂಕ ಬರೆದಿದ್ದರು. ಬೆಳಕು ಮತ್ತು ನಿಶ್ಶಬ್ದದ ಮೇಲೆ ಗೀಟು ಎಳೆದಿದ್ದರು.

"ಬಾಮ್ಮಾ" ಎಂದರು ನರ್ಸಮ್ಮ, ಹೆಂಡತಿಯ ಕೈ ಹಿಡಿದು. "ಅವತ್ತೇ ನಿನ್ನ ನೋಡಿದ್ದೆ. ಆ ಕಪಾಟಿನ ಮುಂದೆ ನಿಂತು ನೀನು ಬೆರಳಲ್ಲಿ ಒಂದೊಂದೇ ಜಾಗ ಎಣಿಸ್ತಿದ್ದೆ. ನಿನ್ನ ಮುಖದಲ್ಲೇ ಎಲ್ಲಾ ಬರೆದಿತ್ತು. ಈ ಮನೆ ನಿನಗೇ. ಏಜೆಂಟಮ್ಮಂಗೆ ಮೊದ್ಲು ಹೇಳಿದ್ದ ಬೆಲೆಗೇ. ರಿಪೇರಿ ನನ್ನದು."

ಹೆಂಡತಿ ಕಣ್ಣೊರೆಸಿಕೊಂಡಳು. ಏಜೆಂಟಮ್ಮ ಹದಿನಾಲ್ಕು ವರ್ಷದ ತನ್ನ ಉಪದೇಶವನ್ನು ನೆನೆದು ತಲೆ ಬಗ್ಗಿಸಿದಳು.

ಇನ್ಸ್‌ಪೆಕ್ಟರರ ಎದೆ ಮಾತ್ರ ಉಬ್ಬಿತು. "ನೋಡ್ದೇನೇ? ನಾನು ಆ ಪಟ್ಟಿ ಮಾಡ್ದೇ ಇದ್ದಿದ್ರೆ..."

"ಒಂದ್ನಿಮಿಷ. ಪಟ್ಟಿ ಇನ್ನೂ ಮುಗಿದಿಲ್ಲ" ಎಂದು ನರ್ಸಮ್ಮ ಹಾಳೆಯನ್ನು ಅವರತ್ತ ತಿರುಗಿಸಿದರು.

ಖಾಲಿ ಬಿಟ್ಟಿದ್ದ ಇಪ್ಪತ್ತನಾಲ್ಕನೇ ಕಲಂ ಈಗ ದುಂಡು ಅಕ್ಷರಗಳಿಂದ ತುಂಬಿತ್ತು. "ಇತರೆ ದೋಷ: ಕೊಳ್ಳುವವರ ಗಂಡನ ಬಾಯಿ. ಸದಾ ಸೋರುತ್ತದೆ. ಮೇಸ್ತ್ರಿಯಿಂದ ಆಗಲಿಲ್ಲ."

ಅದರ ಪಕ್ಕದಲ್ಲಿ ಅದೇ ದುಂಡು ಅಕ್ಷರದಲ್ಲಿ "ಪರಿಶೀಲಿಸಿದವರ ಸಹಿ" ಎಂದು ಬರೆದ ಖಾಲಿ ಜಾಗ. ಇನ್ಸ್‌ಪೆಕ್ಟರರು ಪ್ರತಿಭಟಿಸಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಅವರ ಜೇಬಿನಿಂದಲೇ ಪೆನ್ನು ಎಳೆದು ಸಹಿ ಹಾಕಿದಳು.

"ಸ್ಟಾಂಪು ಎಲ್ರೀ?" ಎಂದು ಕೇಳಿದಳು.

"ಚೀಲ ಬೇಡ ಅಂದಿದ್ರಲ್ಲ..."

"ಪರವಾಗಿಲ್ಲ, ಮನೇಲಿ ಒತ್ತುತ್ತೀನಿ. ಸರಿಹೋಗೋ ತನಕ ಬಳಸತಕ್ಕದ್ದಲ್ಲ!"

ಇನ್ಸ್‌ಪೆಕ್ಟರರು ತೆರೆದ ಬಾಯನ್ನು ಮುಚ್ಚಿಕೊಂಡರು. ಗೃಹಪ್ರವೇಶದ ದಿನ ಹೊಸ ಮನೆಯ ಕಪಾಟಿಗೆ ಹನ್ನೆರಡು ಗಾಜಿನ ಬಟ್ಟಲುಗಳನ್ನು ಅವರೇ ಒಂದೊಂದಾಗಿ ಒರೆಸಿ ಜೋಡಿಸಿದರು. ಏಳನೆಯದರ ಅಂಚಿನಲ್ಲಿ ಸಣ್ಣದೊಂದು ಚಕ್ಕೆ ಎದ್ದಿರುವುದು ಕಣ್ಣಿಗೆ ಬಿತ್ತು. ಅದನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿಟ್ಟು, ಎಂಟನೆಯದನ್ನು ಕೈಗೆತ್ತಿಕೊಂಡರು.