ವಕೀಲರ ಆಫೀಸಿಗೆ ಬಂದ ಭದ್ರತೆ

ಆಸ್ತಿ ವ್ಯವಹಾರ ನೋಡುವ ವಕೀಲರ ಆಫೀಸಿನಲ್ಲಿ ಕೂತವರು ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಕಾಗದಪತ್ರದ ಚೀಲ ಹಿಡಿದವರ ಜೊತೆಗೇ ಅದೂ ಮೆಟ್ಟಿಲು ಹತ್ತಿ ಬರುತ್ತೆ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ನಮ್ಮ ಸಾಹೇಬರ ಆಫೀಸು, ನಾನಲ್ಲಿ ಹದಿನೆಂಟು ವರ್ಷದಿಂದ ಗುಮಾಸ್ತೆ. ಕಂಡವರ ಮನೆ ವಿಷಯ ತಿಳ್ಕೊಳ್ಳೋ ಚಪಲ ನನಗೆ ಒಂಚೂರು ಜಾಸ್ತಿ ಅಂತ ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಹೋದ ವರ್ಷ ಒಂದು ಬ್ಯಾಂಕಿನಿಂದ ಪತ್ರ ಬಂತು. ಸಾಲ ಕೊಡೋ ಮುಂಚೆ ಆಸ್ತಿ ಪತ್ರ ಸರಿ ಇದೆಯಾ ಅಂತ ನೋಡಿ ಹೇಳೋ ಕೆಲಸ ಆ ಬ್ಯಾಂಕು ನಮಗೇ ಕೊಡ್ತಿತ್ತು. ಇನ್ನು ಮೇಲೆ ಕಕ್ಷಿದಾರರ ದಾಖಲೆಗಳನ್ನೂ ಗುಟ್ಟನ್ನೂ ನಿಯಮದ ಪ್ರಕಾರ ಭದ್ರವಾಗಿಡಬೇಕು, ತಿಂಗಳೊಳಗೆ ತಪಾಸಣೆ, ಲೋಪ ಕಂಡರೆ ಕೆಲಸ ವಾಪಸ್ ಅಂತ ಬರೆದಿತ್ತು. ಸಾಹೇಬರು ಕನ್ನಡಕ ತೆಗೆದಿಟ್ಟು, ಈ ಕೆಲಸ ಹೋದರೆ ಗುಮಾಸ್ತೆ ಬೇಕು ಅನ್ನೋ ಅಷ್ಟು ಕೆಲಸ ಇಲ್ಲಿ ಉಳಿಯಲ್ಲಮ್ಮ ಅಂದರು. ಈ ವಯಸ್ಸಿನಲ್ಲಿ ಇನ್ನೊಂದು ಕುರ್ಚಿ ಎಲ್ಲಿ ಹುಡುಕಲಿ?

ಬಂದ ಕಾರಣ

ಮೊದಲನೇ ನಿಯಮ, ಬಂದವರೆಲ್ಲ ರಿಜಿಸ್ಟರಿನಲ್ಲಿ ಬರೀಬೇಕು. ಹೆಸರು, ಊರು, ಬಂದ ಕಾರಣ.

ಮೊದಲ ದಿನವೇ ಕಡರನಾಯಕನಹಳ್ಳಿಯ ಯಜಮಾನರೊಬ್ಬರು ಬಂದರು. ಖಾಲಿ ಬಿಡಬ್ಯಾಡ್ರಿ, ಎಲ್ಲಾ ಬರೀರಿ ಅಂತ ನಾನೇ ಒತ್ತಿ ಹೇಳಿದೆ. ಪಾಪ, ಹತ್ತು ನಿಮಿಷ ಕೂತು ದುಂಡಗೆ ಬರೆದು ಸಾಹೇಬರ ಕೋಣೆಗೆ ಹೋದರು. ಅಷ್ಟರಲ್ಲಿ ಅದೇ ಊರಿನ ಇನ್ನೊಬ್ಬರು ಬಂದು ರಿಜಿಸ್ಟರ್ ಮುಂದೆ ನಿಂತರು. ನಿಂತೇ ನಿಂತರು. ಓದೋದು ಕಷ್ಟ ಇರಬೇಕು ಅಂದ್ಕೊಂಡೆ. ಆಮೇಲೆ ಪೆನ್ನು ತಗೊಂಡು ಏನೋ ಗೀಚಿ, ಒಳಗೂ ಹೋಗದೆ ಮೆಟ್ಟಿಲಿಳಿದು ಹೋದರು.

ನಾನು ಸುಮ್ಮನಿರೋಳಾ? ಎದ್ದು ಹೋಗಿ ನೋಡಿದೆ. ಯಜಮಾನರು ಬರೆದಿದ್ದರು: "ತಮ್ಮನಿಗೆ ಗೊತ್ತಾಗದಂಗೆ ಕೆರೆ ಕಡೆ ಹೊಲ ನನ್ನ ಹೆಸರಿಗೆ ಮಾಡ್ಕೊಳ್ಳೋದು ಹೆಂಗೆ ಅಂತ ಕೇಳಲು." ಕೆಳಗಿನ ಸಾಲಿನಲ್ಲಿ ಬಂದ ಕಾರಣ ಅಂತಿದ್ದ ಕಡೆ ಒಂದೇ ಮಾತು: "ಗೊತ್ತಾಯಿತು."

ಗುರುತು

ಎರಡನೇ ನಿಯಮ, ಗುರುತಿನ ಚೀಟಿ ನೋಡದೆ ಯಾರ ಪತ್ರವನ್ನೂ ತಗೊಳ್ಳೋ ಹಂಗಿಲ್ಲ. ಶಾಮನೂರಿನಿಂದ ಒಬ್ಬ ಅಜ್ಜಿ ತಮ್ಮ ಮನೆ ಪತ್ರ ತಂದಿದ್ದರು. ಸಾಹೇಬರು ಚಿಕ್ಕವರಿದ್ದಾಗ ಅವರ ಪಕ್ಕದ ಮನೆಯಲ್ಲೇ ಬೆಳೆದವರು. ಆಧಾರ್ ಕೇಳೋಕೆ ನನಗೇ ನಾಚಿಕೆ ಆಯ್ತು. ಅಜ್ಜಿ ಏನೂ ಬೇಜಾರು ಮಾಡ್ಕೊಳ್ಳದೆ ತೆಗೆದುಕೊಟ್ಟರು. ನಾನು ಜೆರಾಕ್ಸ್ ಮಾಡಿ ವಾಪಸ್ ಕೊಟ್ಟ ಮೇಲೆ ಸಾಹೇಬರ ಕಡೆ ತಿರುಗಿದರು.

"ನಂದು ನೋಡಿದ್ರಲ್ಲ, ಈಗ ನಿಂದು ತೋರ್ಸಪ್ಪ. ಪತ್ರ ಯಾರ ಕೈಗೆ ಕೊಡ್ತೀನಿ ಅಂತ ನಂಗೂ ಗೊತ್ತಾಗ್ಬೇಕಲ್ಲ?"

ಸಾಹೇಬರು ನಕ್ಕರು. ಅಜ್ಜಿ ನಗಲಿಲ್ಲ. ಸಾಹೇಬರು ಜೇಬು ತಡಕಿದರು, ಡ್ರಾಯರ್ ಎಳೆದರು. ಪರ್ಸು ಮನೆಯಲ್ಲಿ, ಕೋರ್ಟಿನ ಕಾರ್ಡು ಇಸ್ತ್ರಿಗೆ ಕೊಟ್ಟ ಕೋಟಿನಲ್ಲಿ. ಅಜ್ಜಿ ಪತ್ರ ಚೀಲಕ್ಕೆ ಹಾಕ್ಕೊಂಡು ನಿಧಾನಕ್ಕೆ ಎದ್ದು ಹೋದರು.

ಮಾರನೇ ದಿನ ಸಾಹೇಬರೇ ಆಧಾರ್ ಹಿಡ್ಕೊಂಡು ಬೈಕಿನಲ್ಲಿ ಶಾಮನೂರಿಗೆ ಹೋದರು. ನೋಡಲೇಬೇಕು ಅಂತ ನಾನೂ ಹಿಂದೆ ಕೂತು ಹೋದೆ. ಅಜ್ಜಿ ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದು, ಒಂದು ಸಲ ಅದನ್ನು, ಒಂದು ಸಲ ಸಾಹೇಬರ ನೆತ್ತಿಯನ್ನು ನೋಡಿದರು.

"ಇದ್ರಾಗೆ ತಲಿ ತುಂಬ ಕೂದ್ಲ ಐತಲ್ಲ, ಇದು ನೀನೇನಾ?"

ಕೆಳಗಿನ ಖಾನೆ

ತಪಾಸಣೆಯ ದಿನ ಸಾಹೇಬರು ಹರಿಹರದ ಕೋರ್ಟಿಗೆ ಹೋಗಿದ್ದರು, ಆಫೀಸಿನಲ್ಲಿ ನಾನೊಬ್ಬಳೇ. ಬ್ಯಾಂಕಿನಿಂದ ಬಂದ ಅಧಿಕಾರಿಗೆ ನಲವತ್ತರ ಆಸುಪಾಸು, ನಗು ಅನ್ನೋದೇ ಇಲ್ಲ. ಕ್ಯಾಮೆರಾ ನೋಡಿದರು, ಕಂಪ್ಯೂಟರ್ ನೋಡಿದರು, ಬೀರುವಿನ ಬೀಗ ಎಳೆದು ನೋಡಿದರು. ಫೈಲುಗಳ ಮೇಲೆ ಹೆಸರು ಕಾಣಬಾರದು, ನಂಬರ್ ಮಾತ್ರ ಇರಬೇಕು ಅನ್ನೋದು ನಿಯಮ. ನಾನು ವಾರಗಟ್ಟಲೆ ಕೂತು ನಂಬರ್ ಅಂಟಿಸಿದ್ದೆ. ಎಲ್ಲಾ ಸರಿ ಅಂತ ಟಿಕ್ ಹಾಕ್ಕೊಂಡೇ ಬಂದರು.

ಆಮೇಲೆ ಬಗ್ಗಿ ಕೆಳಗಿನ ಖಾನೆ ನೋಡಿದರು. ಉಯಿಲೋ ಮತ್ತೊಂದೋ, ಮನೆಯಲ್ಲಿಟ್ಟರೆ ಮಕ್ಕಳ ಕಣ್ಣಿಗೆ ಬೀಳುತ್ತೆ ಅಂತ ಎಷ್ಟೋ ಹಿರಿಯರು ಕವರಿಗೆ ಹಾಕಿ ಅರಗು ಒತ್ತಿ ನಮ್ಮ ಹತ್ರ ಇಟ್ಟು ಹೋಗ್ತಾರೆ. ಅವು ಅಲ್ಲಿದ್ದವು, ಮೇಲೆ ದಪ್ಪಕ್ಷರದಲ್ಲಿ ಹೆಸರು ಸಮೇತ. ಅವಕ್ಕೆ ನಂಬರ್ ಅಂಟಿಸೋದು ಮರೆತೇಹೋಗಿತ್ತು.

ಅಧಿಕಾರಿ ಒಂದು ಕವರ್ ಎತ್ತಿ, ಇದು ಲೋಪ ಅಂತ ಹೇಳಿ ಫಾರಂ ಮೇಲೆ ಪೆನ್ನಿಟ್ಟರು. ಹೋಯ್ತು ನನ್ನ ಕುರ್ಚಿ ಅಂದ್ಕೊಂಡೆ. ಪೆನ್ನು ಅಲ್ಲೇ ನಿಂತಿತು. ಕವರನ್ನು ಮತ್ತೆ ಓದಿದರು. ಮುಖದ ಬಣ್ಣವೇ ಬೇರೆ ಆಯ್ತು.

"ಇದು ಹರಿಹರದಾಗಿರೋ ನಮ್ಮಪ್ಪಂದು," ಅಂದರು. "ಇದ್ರಾಗೆ ಏನೈತೆ ಮೇಡಂ?"

ಹೇಳೋ ಹಂಗಿಲ್ಲ ಅಂದೆ. ನಾನು ಮಗ, ತೆಗೀರಿ, ಲೋಪ ಬರೆಯಲ್ಲ ಅಂದರು. ದೇವರಾಣೆ, ಆರು ವರ್ಷದಿಂದ ಆ ಕವರನ್ನು ಬೆಳಕಿಗೆ ಹಿಡಿದು ನೋಡಿದವಳು ನಾನು. ಅವರಿಗಿಂತ ಜಾಸ್ತಿ ನನಗೇ ಬೇಕಿತ್ತು. ಆದರೂ ಇಟ್ಟವರೇ ಬಂದು ತೆಗೀಬೇಕು ಅಂದೆ. ಹಂಗಾದ್ರೆ ಬರೀತೀನಿ ಅಂದರು. ಬರೀರಿ ಸಾರ್ ಅಂದೆ.

ಅವರು ಅಲ್ಲೇ ಅಪ್ಪನಿಗೆ ಫೋನ್ ಮಾಡಿ, ವಕೀಲರ ಆಫೀಸಿನಲ್ಲಿ ನಿನ್ನ ಕವರ್ ಐತೆ, ಏನದು ಅಂತ ಕೇಳಿದರು. ಗುಮಾಸ್ತೆಗೆ ಫೋನ್ ಕೊಡು ಅಂತ ಆ ಕಡೆಯಿಂದ ಅಂದದ್ದು ನನಗೂ ಕೇಳಿಸಿತು. ತಗೊಂಡೆ.

"ಏನಮ್ಮ, ಅವನ ಕಣ್ಣಿಗೆ ಬೀಳಬಾರ್ದು ಅಂತ್ಲೇ ನಿಮ್ತಾವ ಇಟ್ಟಿದ್ದು. ಅವನ್ನ ಬೀರು ಹತ್ರ ಬಿಟ್ಟೋರು ಯಾರು?"

"ಬ್ಯಾಂಕಿನೋರು, ಅಜ್ಜಾ."

ಫೋನ್ ಇಟ್ಟ ಮೇಲೆ ಅಧಿಕಾರಿ ಫಾರಂ ಮುಂದೆ ಕೂತರು. ಲೋಪದ ಕೆಳಗೆ ಎರಡು ಖಾಲಿ ಸಾಲು: ಗುಟ್ಟು ತಿಳಿದುಕೊಂಡ ಹೊರಗಿನವರ ಹೆಸರು, ತಿಳಿದುಕೊಂಡದ್ದು ಹೇಗೆ. ಆ ಸಾಲುಗಳನ್ನು ತುಂಬಾ ಹೊತ್ತು ನೋಡಿದರು. ಪೆನ್ನಿನ ತುದಿ ಕಚ್ಚಿದರು. ಕೊನೆಗೆ "ಲೋಪ ಇಲ್ಲ" ಅಂತ ಬರೆದು ಸಹಿ ಹಾಕಿ, ಕವರನ್ನು ತಾವೇ ಹೆಸರು ಕಾಣದಂಗೆ ಮಗುಚಿ ಖಾನೆಯಲ್ಲಿಟ್ಟರು. ನನಗೆ ಹೋದ ಜೀವ ಬಂದಂಗಾಯ್ತು.

ಬಾಗಿಲವರೆಗೆ ಹೋದವರು ತಿರುಗಿ ನಿಂತು ಮೆಲ್ಲಗೆ ಕೇಳಿದರು, "ನಮ್ಮವ್ವಂದೂ ಒಂದು ಕವರ್ ಐತಾ?"

"ಹೇಳಿಬಿಟ್ರೆ ಲೋಪ ಆಗತ್ತೆ ಸಾರ್," ಅಂದೆ.