ನನ್ನ ಏಳು ನಿಮಿಷದ ಮೌನ

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿರುವ ನಮ್ಮ ಆಪ್ತಸಮಾಲೋಚನೆಯ ತರಬೇತಿ ಕೇಂದ್ರಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ಒಂದು ಕಥೆ ಹೇಳುತ್ತಾರೆ. ಹಿರಿಯ ವಿದ್ಯಾರ್ಥಿನಿಯೊಬ್ಬಳು, ಕೋರ್ಸು ಬಿಡುತ್ತೇನೆಂದು ಅಳುತ್ತಿದ್ದ ಕಿರಿಯಳ ಮುಂದೆ ಏಳು ನಿಮಿಷ ತುಟಿ ಬಿಚ್ಚದೆ ಕೂತಿದ್ದಳಂತೆ. ಆ ಮೌನದ ಬಲದಿಂದಲೇ ಕಿರಿಯಳು ತನ್ನ ಉತ್ತರ ತಾನೇ ಕಂಡುಕೊಂಡಳಂತೆ. ನಾಯಕತ್ವ ಎಂದರೆ ಇದೇ ಅಂತೆ. ಇಷ್ಟೊಂದು ‘ಅಂತೆ’ಗಳಿರುವ ಕಥೆಯನ್ನು ಸಾಮಾನ್ಯವಾಗಿ ನಾನು ಎರಡು ನಿಮಿಷ ಉಸಿರಾಡಲು ಬಿಡುವವಳಲ್ಲ. ಯಾರು ನೋಡಿದ್ದು, ಗಡಿಯಾರ ಯಾರ ಕೈಯಲ್ಲಿತ್ತು, ಮೌನದಿಂದಲೇ ಆಯಿತು ಎನ್ನಲು ಆಧಾರ ಏನು ಎಂದು ಕೇಳಿ ಮುಗಿಸುತ್ತಿದ್ದೆ. ತೊಂದರೆಯೆಂದರೆ, ಕಥೆಯ ಆ ಹಿರಿಯ ವಿದ್ಯಾರ್ಥಿನಿ ನಾನೇ. ನನ್ನನ್ನು ಹೊಗಳುವ ಏಕೈಕ ಕಥೆಯನ್ನು ನಾನೇ ಹೊಡೆದು ಹಾಕಬೇಕಾದ ಕಷ್ಟ ಇನ್ನಾರಿಗೂ ಬೇಡ.

ನಮ್ಮದು ಕುಂದಾಪುರದ ಕಡೆಯ ಮನೆ. ಅಪ್ಪನ ಹೋಟೆಲು ಸೂರತ್‌ನಲ್ಲಿ. ವಜ್ರ ಉಜ್ಜುವ ಗಿರಾಕಿಗಳು ಸಾಂಬಾರಿಗೆ ಬೆಲ್ಲ ಸಾಲದು ಎಂದಾಗಲೆಲ್ಲ ಅವರ ಜೊತೆ ಗುಜರಾತಿಯಲ್ಲಿ ವಾದಿಸಿ, ಅದೇ ಸಾಂಬಾರು ಕುಡಿಸಿ ಕಳಿಸುವುದು ಆರನೇ ತರಗತಿಯಿಂದಲೇ ನನ್ನ ಕೆಲಸ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳು ಎಷ್ಟು ಬಂದವೆಂದರೆ ಅಮ್ಮ ಒಂದರಲ್ಲಿ ಒಗ್ಗರಣೆಯ ಮೆಣಸು ತುಂಬಿಟ್ಟಳು. ಆಪ್ತಸಮಾಲೋಚನೆ ಕಲಿಯಲು ಅಹಮದಾಬಾದಿಗೆ ಹೋಗುತ್ತೇನೆ ಎಂದಾಗ ಅಮ್ಮ ಕೇಳಿದ್ದು ಒಂದೇ ಮಾತು: “ಹೆಣೇ, ನೀ ಜನ್ರಿಗೆ ಸಮಾಧಾನ ಮಾಡೂಕ್ ಹೋತ್ಯಾ, ಜಗ್ಳ ಮಾಡೂಕ್ ಹೋತ್ಯಾ?” ಇದಕ್ಕೂ ನನ್ನ ಬಳಿ ಮೂರು ಅಂಶಗಳ ಉತ್ತರವಿತ್ತು. ಎರಡನೆಯ ಅಂಶಕ್ಕೆ ಬರುವಷ್ಟರಲ್ಲಿ ಅಮ್ಮ ಒಳಗೆ ಹೋಗಿ ಮಿಕ್ಸಿ ಹಾಕಿದ್ದಳು.

ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನನ್ನ ಮೊದಲ ಸಮಾಲೋಚನೆಯ ದಿನ. ಬಂದವರು ಯಾರು, ಅವರ ಸಂಕಟ ಏನು ಎಂಬುದನ್ನು ಹೇಳಲಾರೆ. ಅದು ಈ ಕೆಲಸದ ಮೊದಲ ನಿಯಮ. ನನ್ನ ಮರ್ಯಾದೆಯನ್ನು ಗುಟ್ಟಾಗಿಡುವ ನಿಯಮ ಯಾವುದೂ ಇಲ್ಲವಾದ್ದರಿಂದ ಅದನ್ನು ಹೇಳುತ್ತೇನೆ. ಅವರಿಗೊಂದು ಭಯವಿತ್ತು. ಆ ಭಯಕ್ಕೆ ಆಧಾರವಿಲ್ಲ ಎಂದು ನಲವತ್ತು ನಿಮಿಷಗಳಲ್ಲಿ ನಾನು ಎಲ್ಲ ಕಡೆಯಿಂದ ಸಾಧಿಸಿ ತೋರಿಸಿದೆ. ಅವರು “ನಿಮ್ಮ ಮಾತು ನೂರಕ್ಕೆ ನೂರು ನಿಜ, ಬೆಹನ್” ಎಂದು ಕೈಮುಗಿದು ಹೊರಟರು. ಮತ್ತೆ ಬರಲಿಲ್ಲ. ಅವರ ಒಪ್ಪಿಗೆ ಪಡೆದು ಮಾಡಿಕೊಂಡಿದ್ದ ರೆಕಾರ್ಡಿಂಗನ್ನು, ಪದ್ಧತಿಯಂತೆ, ನನ್ನ ಸೂಪರ್‌ವೈಸರ್ ಕುಲಕರ್ಣಿ ಮೇಡಮ್ ಜೊತೆ ಕೂತು ಕೇಳಿದೆ. ಮೇಡಮ್ ಧಾರವಾಡದವರು, ಗಂಡನಿಗೆ ತೈಲ ಕಂಪನಿಯ ಕೆಲಸವಾಗಿ ಇದೇ ಊರಿನ ಚಾಂದ್‌ಖೇಡಾಕ್ಕೆ ಬಂದವರು, ಇಲ್ಲಿಯವರೇ ಆಗಿಬಿಟ್ಟಿದ್ದಾರೆ. ಕೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಿದ್ದೆಯೋ ಧ್ಯಾನವೋ ಇವತ್ತಿಗೂ ತೀರ್ಮಾನವಾಗಿಲ್ಲ. ರೆಕಾರ್ಡಿಂಗ್ ಮುಗಿದ ಮೇಲೆ ಕಣ್ಣು ಬಿಟ್ಟು, “ಗೆದ್ದಿ ಬಿಡವಾ,” ಎಂದರು. ನಾನು ಸಂಕೋಚದಿಂದ ನಕ್ಕೆ. “ಆದ್ರ ಸೋತಾಂವ ಎಲ್ಲಿ ಹೋದ?”

ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹಾಗೆಂದು ನಾನು ಬದಲಾದೆ ಎಂದಲ್ಲ; ವಾದಿಸಿದ ಮೇಲೆ ಬೇಸರಪಡುವುದನ್ನು ಕಲಿತೆ, ಅಷ್ಟೇ.

ಎರಡನೆಯ ವರ್ಷಕ್ಕೆ ಬಂದ ಮೇಲೆ ನಮ್ಮಲ್ಲಿ ಇನ್ನೊಂದು ಪರೀಕ್ಷೆ. ಮೊದಲ ವರ್ಷದ ಒಬ್ಬರನ್ನು ನಾವು ನೋಡಿಕೊಳ್ಳಬೇಕು. ನಾವು ನೋಡಿಕೊಳ್ಳುವುದನ್ನು ಮೇಡಮ್ ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಾರೆ. ಮುಂದೆ ತಂಡ ನಡೆಸಬೇಕಾದವರಿಗೆ ಇದೇ ಪಾಠವಂತೆ. ನನ್ನ ಪಾಲಿಗೆ ಬಂದವಳು ಹೇತಲ್. ದಿನವೂ ವಡೋದರಾದಿಂದ ರೈಲಿನಲ್ಲಿ ಬರುವವಳು, ಡಬ್ಬಿಯಲ್ಲಿ ನನಗೂ ಸೇರಿಸಿ ಥೇಪ್ಲಾ ಎಂಬ ಮೆಂತ್ಯದ ರೊಟ್ಟಿ ತರುವವಳು. ನನಗೆ ತಂಗಿಯಿಲ್ಲ, ಇದ್ದಿದ್ದರೆ ಇಷ್ಟು ಸಾವಧಾನದಿಂದ ನನ್ನ ಮಾತು ಕೇಳುತ್ತಿರಲಿಲ್ಲ. ಅಂಥವಳು ಒಂದು ಬುಧವಾರ ಕಣ್ಣು ಕೆಂಪಾಗಿಸಿಕೊಂಡು ಬಂದು, “ದೀದಿ, ನಾನು ಸೋಮವಾರದಿಂದ ಬರುವುದಿಲ್ಲ,” ಎಂದಳು. ಅವಳನ್ನು ಉಳಿಸಿಕೊಳ್ಳಲೇಬೇಕು, ಉಳಿಸಿಕೊಳ್ಳಲು ನನಗೆ ಗೊತ್ತಿದ್ದ ದಾರಿ ಒಂದೇ.

ಮೇಡಮ್ ಎದುರು ನಾವಿಬ್ಬರೂ ಮಾತಿಗೆ ಕೂರಬೇಕಾದ ಕೋಣೆಯೊಳಗೆ ಫೋನು, ಚೀಲ ಒಯ್ಯುವಂತಿಲ್ಲ. ಅಂಶಗಳನ್ನು ಗುರುತು ಹಾಕಿಕೊಳ್ಳದೆ ವಾದಿಸಿ ನನಗೆ ಅಭ್ಯಾಸವಿಲ್ಲ. ಮೇಡಮ್ ಅವರನ್ನು ಕೇಳಿದೆ. ಅವರು ಡ್ರಾಯರ್ ತಡಕಾಡಿ ಒಂದು ಹಾಳೆ, ಒಂದು ಪೆನ್ನು ಕೊಟ್ಟು ಮೂಲೆಗೆ ಹೋಗಿ ಕಣ್ಣು ಮುಚ್ಚಿದರು.

ಹೇತಲ್ ಶುರು ಮಾಡಿದಳು: “ನನ್ನ ಹತ್ತಿರ ಸಮಾಲೋಚನೆಗೆ ಬಂದವರ ಎದುರೇ ಅತ್ತುಬಿಟ್ಟೆ, ದೀದಿ. ಅವರೇ ಎದ್ದು ನನಗೆ ನೀರು ಕೊಟ್ಟರು. ಸಮಾಧಾನ ಮಾಡಬೇಕಾದವಳು ನಾನು, ನೀರು ಕೊಟ್ಟವರು ಅವರು! ನನಗೆ ಈ ಕೆಲಸ ಆಗಲ್ಲ.” ಈ ತರ್ಕದಲ್ಲಿ ಕಡಿಮೆಯೆಂದರೂ ಆರು ತಪ್ಪುಗಳು ನನಗೆ ಕಂಡವು. ಒಂದನೆಯದನ್ನು ಬರೆಯಲು ಹೋದೆ. ಪೆನ್ನು ಬರೆಯಲಿಲ್ಲ. ಅಂಗೈಗೆ ಉಜ್ಜಿದೆ, ಊದಿದೆ, ಕೊಡವಿದೆ. ಎರಡು ಅಕ್ಷರ ಮೂಡಿಸಿ ಮತ್ತೆ ಮುಷ್ಕರ ಹೂಡಿತು. ಬೇರೆ ಕೇಳೋಣವೆಂದರೆ ಮೇಡಮ್ ಕಣ್ಣು ಮುಚ್ಚಿದ್ದಾರೆ. ಪೆನ್ನಿನ ಟೋಪಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಲೆ ತಗ್ಗಿಸಿ ಗೀಚುತ್ತಲೇ ಇದ್ದೆ. ಬಾಯಲ್ಲಿ ಟೋಪಿ ಇದ್ದದ್ದರಿಂದ ಮಾತು ಹೊರಡುವ ಹಾಗಿರಲಿಲ್ಲ. ಆ ಕಡೆ ಹೇತಲ್ ನಡುವೆ ಸುಮ್ಮನಾಗುತ್ತ, ಮತ್ತೆ ಮಾತಾಡುತ್ತ ಇದ್ದಳು. “ನೀರು ಕೊಟ್ಟಾದ ಮೇಲೆ ಅವರು ಇನ್ನೂ ಅರ್ಧ ಗಂಟೆ ಕೂತಿದ್ದರು... ಮೊದಲ ಸಲ ಅಷ್ಟು ಮಾತಾಡಿದರು... ಮುಂದಿನ ವಾರವೂ ಇದೇ ಹೊತ್ತಿಗೆ ಬರಲಾ ಅಂತ ಅವರೇ ಕೇಳಿದರು.” ನನ್ನ ಹಾಳೆಯಲ್ಲಿ ‘ಮೂರನೆಯದಾಗಿ’ ಎಂಬುದು ‘ಮೂ’ನಲ್ಲೇ ನಿಂತಿತ್ತು. “ಸೋಮವಾರ ನಾನು ಬರದೆ ಇದ್ದರೆ ಅವರು ಬಂದು ಬರಿ ಕುರ್ಚಿ ನೋಡಬೇಕಲ್ಲ, ದೀದಿ.”

ಆಗ ತಲೆ ಎತ್ತಿದೆ. ಟೋಪಿ ತೆಗೆದು ಕೇಳಿದೆ, “ಮತ್ತೆ ಅಳು ಬಂದರೆ?”

“ಬಂದರೆ ನಿಮ್ಮ ಹತ್ತಿರ ಬಂದು ಹೇಳ್ತೀನಿ. ನೀವು ಹೀಗೇ ಸುಮ್ಮನೆ ಕೂತಿರ್ತೀರಲ್ಲ.”

ನನ್ನ ಕಣ್ಣೂ ತುಂಬಿತು. ಅದಕ್ಕೆ ಯಾವ ಅಂಶವನ್ನೂ ಹೊಂದಿಸಲು ಆಗಲಿಲ್ಲ. ಅವಳು ಸೋಮವಾರ ಬಂದಳು, ಥೇಪ್ಲಾ ಸಮೇತ. ಮೇಡಮ್ ನನ್ನ ವರದಿಯಲ್ಲಿ ‘ಇತರರನ್ನು ನೋಡಿಕೊಳ್ಳಬಲ್ಲಳು’ ಎಂದು ಬರೆದರು. ಏಳು ನಿಮಿಷದ ಕಥೆ ಹುಟ್ಟಿದ್ದು ಹೀಗೆ, ಹಬ್ಬಿಸಿದವಳು ಹೇತಲ್. ಒಂದೆರಡು ಸಲ ಸತ್ಯ ಹೇಳಲು ಹೋದೆ. ಅದನ್ನು ವಿನಯ ಎಂದುಕೊಂಡರು.

ಸುಮ್ಮನಿದ್ದುಬಿಡುತ್ತಿದ್ದೆನೇನೋ. ಆದರೆ ಮೊನ್ನೆ, ಹದಿನೈದು ವರ್ಷ ವಕೀಲಿ ಮಾಡಿ ಈ ಕಡೆ ಬಂದಿರುವ ಜೋಶಿಯವರಿಗೆ ಅದೇ ಪರೀಕ್ಷೆಯಿತ್ತು. ಈಗ ಮೇಡಮ್ ಪಕ್ಕದಲ್ಲಿ ಕೂತು ನೋಡುವ ಬಡ್ತಿ ನನಗೆ. ಜೋಶಿಯವರು ಬರೆದುಕೊಳ್ಳಲು ಪೆನ್ನು ಕೇಳಿದರು. ಮೇಡಮ್ ಡ್ರಾಯರ್ ತೆಗೆದರು. ಒಳಗೆ ಹೊಚ್ಚ ಹೊಸ ಪೆನ್ನುಗಳ ಪೆಟ್ಟಿಗೆ. ಅದನ್ನು ಪಕ್ಕಕ್ಕೆ ಸರಿಸಿ, ಅಡಿಯಿಂದ ಒಂದು ಹಳೆಯದನ್ನು ಹುಡುಕಿ ಕೊಟ್ಟರು. ಅದರ ಟೋಪಿಯ ಮೇಲೆ ನನ್ನ ಹಲ್ಲಿನ ಗುರುತಿತ್ತು. ಮೇಡಮ್ ಬಂದು ಕೂತರು, ಕಣ್ಣು ಮುಚ್ಚಿದರು. ಜೋಶಿಯವರು ಪೆನ್ನನ್ನು ಅಂಗೈಗೆ ಉಜ್ಜುತ್ತಿದ್ದರು. ನಾನು ಮೇಡಮ್ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದೆ:

“ಮೇಡಮ್, ಬರೆಯದ ಆ ಪೆನ್ನನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ?”